ಪರದೆಯ ಮೇಲಿನ ಪ್ರಯೋಗ, ಮಕ್ಕಳ ಕೈಯಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ತರಗತಿಯಲ್ಲಿ ಅಂತರ್ಜಾಲದ ಸಾಮಗ್ರಿ ಬಳಸುವ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಿಕ್ಷಕರು, ಪೋಷಕರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತೊಂದರೆಯನ್ನು ಬೇರೆ ಬೇರೆಯವರು ಕೇಳಿದ್ದರೆ ಒಂದೇ ಪ್ರಶ್ನೆಯಾಗಿ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆ. ಮಳೆ ಹಿಡಿಯಿತೆಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಶಾಲೆಯಲ್ಲಿ ಒಂದು ಟಿವಿ, ಎರಡು ಲ್ಯಾಪ್‌ಟಾಪ್ ಇವೆ. ಇಂಥ ಕಡೆ ಆನ್‌ಲೈನ್ ಪ್ರಯೋಗ ಮಾಡಿಸುವುದು ಹೇಗೆ? (ವಿಜ್ಞಾನ ಶಿಕ್ಷಕಿ)

ಉತ್ತರ: ಪಾಠ ನಡೆಯುವ ನಲವತ್ತು ನಿಮಿಷದಲ್ಲಿ ಇಂಟರ್ನೆಟ್ ಬೇಕೇ ಆಗದ ಹಾಗೆ ಎಲ್ಲವನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ. ಪೇಟೆಗೆ ಬಂದಾಗ ಅಥವಾ ಸಿಗ್ನಲ್ ಚೆನ್ನಾಗಿರುವ ಮನೆಯಲ್ಲಿ ಕೂತು ಒಂದು ಸಂಜೆ ಈ ಕೆಲಸ ಮಾಡಿದರೆ ಇಡೀ ಮಳೆಗಾಲಕ್ಕೆ ಸಾಕು.

ಮೊದಲು ಇಳಿಸಬೇಕಾದದ್ದು ಪರದೆಯ ಮೇಲೆ ಮಾಡಿ ನೋಡುವ ಅಣಕು ಪ್ರಯೋಗಗಳು, ಅಂದರೆ ಫೆಟ್ ಸಿಮ್ಯುಲೇಷನ್‌ಗಳು. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೇ ಇವೆ. ಸಿಮ್ಯುಲೇಷನ್‌ನ ಪುಟದಲ್ಲಿ ಅನುವಾದಗಳ ಪಟ್ಟಿ ತೆರೆದು ಕನ್ನಡವನ್ನು ಹುಡುಕಿ ಡೌನ್‌ಲೋಡ್ ಗುರುತನ್ನು ಒತ್ತಿ. ಒಂದೇ ಒಂದು ಎಚ್‌ಟಿಎಂಎಲ್ ಕಡತ ಇಳಿಯುತ್ತದೆ, ಗಾತ್ರ ಕೆಲವೇ ಎಂಬಿ. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಯಾವ ಕಂಪ್ಯೂಟರ್‌ನಲ್ಲಾದರೂ ಬ್ರೌಸರ್‌ನಿಂದ ತೆರೆಯಬಹುದು. ಅನುವಾದ ಪೂರ್ತಿ ಆಗಿರದ ಕಡೆ ಒಂದೆರಡು ಗುಂಡಿಗಳ ಹೆಸರು ಇಂಗ್ಲಿಷಿನಲ್ಲೇ ಉಳಿದಿರಬಹುದು. ಅವುಗಳನ್ನು ಮೊದಲೇ ಕಪ್ಪುಹಲಗೆಯ ಮೂಲೆಯಲ್ಲಿ ಕನ್ನಡದ ಅರ್ಥದೊಂದಿಗೆ ಬರೆದಿಡಿ. ಫೋನಿನಲ್ಲಿ ತೆರೆದಾಗ ಬರೀ ಬಿಳಿ ಪರದೆ ಬಂದರೆ ಕಡತ ಕೆಟ್ಟಿದೆ ಎಂದುಕೊಳ್ಳಬೇಡಿ. ಫೋನು ಅದನ್ನು ಎಚ್‌ಟಿಎಂಎಲ್ ವ್ಯೂವರ್‌ನಲ್ಲಿ ತೆರೆದಿರುತ್ತದೆ. ಕಡತದ ಮೇಲೆ ಒತ್ತಿ ಹಿಡಿದು, ‘ಓಪನ್ ವಿತ್’ನಲ್ಲಿ ಕ್ರೋಮ್ ಆರಿಸಿ.

2017ರಲ್ಲಿ ಬಂದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ಬರುತ್ತದಲ್ಲ, ಅಲ್ಲಿಯೂ ಡೌನ್‌ಲೋಡ್ ಗುಂಡಿ ಇದೆ. ಆದರೆ ದೀಕ್ಷಾದೊಳಗಿನ ಕೆಲವು ವಿಡಿಯೊಗಳು ಯೂಟ್ಯೂಬ್‌ನಿಂದ ತಂದು ಜೋಡಿಸಿದವು. ಅವು ಪಟ್ಟಿಯಲ್ಲಿ ಕಾಣುತ್ತವೆ, ನೆಟ್ ಇಲ್ಲದಾಗ ಓಡುವುದಿಲ್ಲ. ಹಾಗಾಗಿ ಹಿಂದಿನ ದಿನವೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪ್ರತಿಯೊಂದನ್ನೂ ಹತ್ತು ಸೆಕೆಂಡ್ ಓಡಿಸಿ ನೋಡಿ. ಈ ಪರೀಕ್ಷೆ ಮಾಡದೆ ತರಗತಿಗೆ ಹೋಗುವುದೇ ಬೇಡ.

ಮಕ್ಕಳೇ ಹುಡುಕಿ ಓದುವ ಚಟುವಟಿಕೆಗೆ ಕಿವಿಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಕನ್ನಡ ವಿಕಿಪೀಡಿಯ ಇಡಿಯಾಗಿ ಒಂದು ಕಡತವಾಗಿ ಇದರಲ್ಲಿ ಇಳಿಯುತ್ತದೆ. ಚಿತ್ರಸಹಿತವಾದ ‘ಮ್ಯಾಕ್ಸಿ’, ಚಿತ್ರವಿಲ್ಲದ ‘ನೋಪಿಕ್’, ಪೀಠಿಕೆ ಮಾತ್ರ ಇರುವ ‘ಮಿನಿ’ ಎಂಬ ಆವೃತ್ತಿಗಳಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಜಾಗಕ್ಕೆ ತಕ್ಕದ್ದನ್ನು ಆರಿಸಿ. ಒಂದು ಲ್ಯಾಪ್‌ಟಾಪ್‌ನಲ್ಲಿ ಕಿವಿಕ್ಸ್ ಸರ್ವರ್ ಶುರುಮಾಡಿದರೆ ತೆರೆಯ ಮೇಲೆ ಒಂದು ವಿಳಾಸ ತೋರಿಸುತ್ತದೆ. ಅದೇ ವೈಫೈಗೆ ಸೇರಿದ ಬೇರೆ ಸಾಧನಗಳ ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದರೆ ಪುಟ ತೆರೆದುಕೊಳ್ಳುತ್ತದೆ. ಇದು ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ವಿಂಡೋಸ್ ಲ್ಯಾಪ್‌ಟಾಪ್‌ನ ಹಾಟ್‌ಸ್ಪಾಟ್‌ಗೆ ಎಂಟು ಸಾಧನಗಳಿಗಿಂತ ಹೆಚ್ಚು ಸೇರುವುದಿಲ್ಲ. ಒಂಬತ್ತನೆಯ ಫೋನು ಸುಮ್ಮನೆ ಸುತ್ತುತ್ತಿರುತ್ತದೆ. ಹಳೆಯ ವೈಫೈ ರೂಟರ್ ಒಂದಿದ್ದರೆ, ಅದಕ್ಕೆ ಇಂಟರ್ನೆಟ್ ಸಂಪರ್ಕ ಇಲ್ಲದಿದ್ದರೂ ಸರಿ, ಆ ಮಿತಿ ತಪ್ಪುತ್ತದೆ. ಎರಡನೆಯದು ವಿಂಡೋಸ್ ಫೈರ್‌ವಾಲ್. ಮೊದಲ ಸಲ ಅನುಮತಿ ಕೇಳಿದಾಗ ‘ಪ್ರೈವೇಟ್ ನೆಟ್‌ವರ್ಕ್’ಗೆ ಒಪ್ಪಿಗೆ ಕೊಡದಿದ್ದರೆ ಯಾವ ಫೋನಿನಲ್ಲೂ ಪುಟ ಬರುವುದಿಲ್ಲ. ಮೂರನೆಯದು ಫೋನಿನ ಅತಿಬುದ್ಧಿ: ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಅದು ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿಸಿ.

ಇನ್ನು ಕರೆಂಟು. 32 ಇಂಚಿನ ಎಲ್‌ಇಡಿ ಟಿವಿ, ಲ್ಯಾಪ್‌ಟಾಪ್, ರೂಟರ್ ಮೂರೂ ಸೇರಿದರೆ ಸುಮಾರು 100 ವ್ಯಾಟ್. 12 ವೋಲ್ಟ್, 150 ಆ್ಯಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರ್‌ನಲ್ಲೂ ನಷ್ಟವಾಗುತ್ತದೆ ಎಂದು ಹಿಡಿದರೆ ಸುಮಾರು 1,100 ಬಳಕೆಗೆ ಸಿಗುತ್ತದೆ. ಅಂದರೆ ಇಡೀ ಶಾಲಾದಿನ ನಡೆಯುತ್ತದೆ. ಅದೇ ಬ್ಯಾಟರಿಗೆ 300 ವ್ಯಾಟಿನ ದೀಪದ ಪ್ರೊಜೆಕ್ಟರ್ ಹಾಕಿದರೆ ನಾಲ್ಕು ಗಂಟೆಯೂ ಕಷ್ಟ. ಮೇಲಾಗಿ ಕರೆಂಟು ದಿಢೀರನೆ ಹೋದಾಗ ಪ್ರೊಜೆಕ್ಟರ್‌ನ ಫ್ಯಾನ್ ನಿಂತು, ಬಿಸಿಯಾದ ದೀಪ ತಣ್ಣಗಾಗದೆ ಅದರ ಆಯುಷ್ಯ ಕುಗ್ಗುತ್ತದೆ. ಘಟ್ಟದ ಅಂಚಿನ ಶಾಲೆಗಳಿಗೆ ಟಿವಿಯೇ ಸರಿ.

ಪ್ರಶ್ನೆ: 10ನೇ ತರಗತಿಗೆ ವಿದ್ಯುಚ್ಛಕ್ತಿ ಪಾಠದಲ್ಲಿ ಫೆಟ್ ಸರ್ಕ್ಯೂಟ್ ತೋರಿಸುತ್ತೇನೆ. ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ, ಖುಷಿಪಡುತ್ತಾರೆ. ಪರೀಕ್ಷೆಯಲ್ಲಿ ಸರಣಿ, ಸಮಾಂತರ ಎರಡೂ ಅದಲುಬದಲು. ಎಲ್ಲಿ ತಪ್ಪುತ್ತಿದೆ? (ಅರಸೀಕೆರೆ)

ಉತ್ತರ: ತೋರಿಸುತ್ತಿರುವುದು ನೀವು, ಮಾಡುತ್ತಿರುವವರೂ ನೀವೇ. ಅದರಲ್ಲೇ ಇದೆ ತೊಂದರೆ. ಸಿಮ್ಯುಲೇಷನ್‌ನಲ್ಲಿ ಏನೂ ಸುಡುವುದಿಲ್ಲ, ಯಾವ ಸಾಮಾನೂ ಹಾಳಾಗುವುದಿಲ್ಲ. ಮಕ್ಕಳು ಊಹಿಸಿ, ತಪ್ಪಿ, ಮತ್ತೆ ಜೋಡಿಸಲಿ ಎಂದೇ ಅದನ್ನು ಮಾಡಿರುವುದು. ಮೌಸ್ ಶಿಕ್ಷಕರ ಕೈಯಲ್ಲಿದ್ದರೆ ಆ ಅನುಕೂಲವೆಲ್ಲ ವ್ಯರ್ಥ.

ಒಂದೇ ಪರದೆ ಇದ್ದರೂ ಪರವಾಗಿಲ್ಲ. ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿ: ನನ್ನ ಊಹೆ, ಕಂಡದ್ದು, ಯಾಕೆ. ಊಹೆ ಬರೆಯದೆ ಯಾರೂ ಪರದೆ ನೋಡುವ ಹಾಗಿಲ್ಲ. ಒಬ್ಬಳು ಕೀಬೋರ್ಡ್ ಹತ್ತಿರ ಕೂರಲಿ, ಉಳಿದವರು ಹೇಳಿದಂತೆ ಮಾತ್ರ ಜೋಡಿಸಲಿ. ಅವಳು ತಾನಾಗಿ ತಿದ್ದುವಂತಿಲ್ಲ. ಪ್ರತಿ ಹಂತಕ್ಕೆ ಆಸನ ಬದಲಾಗಲಿ.

ಹಂತಗಳು ಹೀಗಿರಲಿ. ಸಿಮ್ಯುಲೇಷನ್‌ನ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್ ಇರುತ್ತದೆ, ಬದಲಿಸಬೇಡಿ. ಒಂದು ಬಲ್ಬ್ ಜೋಡಿಸಿ ಅಮ್ಮೀಟರ್ ಇಟ್ಟರೆ 0.90 ಆ್ಯಂಪಿಯರ್. ಈಗ ಅದರ ಜೊತೆಗೆ ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದಾಗಿ, ಇನ್ನೊಂದು ಬಲ್ಬ್ ಸೇರಿಸುವ ಮೊದಲು ಕೇಳಿ: ಅಮ್ಮೀಟರ್ ಎಷ್ಟು ತೋರಿಸುತ್ತದೆ? ಬ್ಯಾಟರಿಗೆ ಹತ್ತಿರದ ಬಲ್ಬ್ ಹೆಚ್ಚು ಉರಿಯುತ್ತದೆಯೇ? ‘ಮೊದಲನೆಯ ಬಲ್ಬ್ ಕರೆಂಟು ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಉಳಿಯುತ್ತದೆ’ ಎಂಬ ಕಲ್ಪನೆ ಎಷ್ಟೋ ಮಕ್ಕಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಪಠ್ಯದ ಸೂತ್ರ ಕಂಠಪಾಠ ಮಾಡಿದವರಲ್ಲೂ ಇರುತ್ತದೆ. ಅಮ್ಮೀಟರನ್ನು ಬ್ಯಾಟರಿಯ ಪಕ್ಕ, ಎರಡು ಬಲ್ಬ್‌ಗಳ ನಡುವೆ, ಕೊನೆಯಲ್ಲಿ ಹೀಗೆ ಮೂರೂ ಕಡೆ ಇಡಿಸಿ. ಮೂರೂ ಕಡೆ 0.45. ಆ ಕಲ್ಪನೆ ಸಡಿಲವಾಗುವುದು ಇಲ್ಲೇ, ಹಾಗಾಗಿ ಅವಸರ ಮಾಡಬೇಡಿ. ಪ್ರತಿ ಬಲ್ಬ್‌ನ ಎರಡೂ ತುದಿಗೆ ವೋಲ್ಟ್‌ಮೀಟರ್ ಮುಟ್ಟಿಸಿದರೆ 4.5, 4.5. ಮೂರು ಬಲ್ಬ್ ಮಾಡಿದರೆ 0.30 ಆ್ಯಂಪಿಯರ್, ತಲಾ 3 ವೋಲ್ಟ್. ಇಷ್ಟಾದ ಮೇಲೆ ಸಮಾಂತರ, ಅಂದರೆ ಪ್ರತಿ ಬಲ್ಬಿಗೂ ಬ್ಯಾಟರಿಯಿಂದ ಬೇರೆ ದಾರಿ: ಎರಡೂ ಬಲ್ಬ್‌ಗೆ 9 ವೋಲ್ಟ್, ತಲಾ 0.90, ಬ್ಯಾಟರಿಯ ಬಳಿ 1.80. ಕೊನೆಗೆ ಒಂದು ಬಲ್ಬ್‌ನ ತಂತಿ ಕಳಚಿಸಿ. ಸರಣಿಯಲ್ಲಿ ಎಲ್ಲ ಆರುತ್ತದೆ, ಸಮಾಂತರದಲ್ಲಿ ಇನ್ನೊಂದು ಉರಿಯುತ್ತಲೇ ಇರುತ್ತದೆ. ಮನೆಯ ವೈರಿಂಗ್ ಯಾವ ಬಗೆಯದು ಎಂದು ನೀವು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ.

ಗೊಂದಲ ಹುಟ್ಟುವ ಒಂದು ಜಾಗವನ್ನು ಮೊದಲೇ ನೋಡಿಕೊಳ್ಳಿ. ತೆರೆದ ಕೂಡಲೇ ಸಿಮ್ಯುಲೇಷನ್ ಎಲೆಕ್ಟ್ರಾನ್‌ಗಳ ಚಲನೆ ತೋರಿಸುತ್ತದೆ: ಋಣಾಗ್ರದಿಂದ ಧನಾಗ್ರಕ್ಕೆ. ಪುಸ್ತಕದ ಬಾಣ ಅದಕ್ಕೆ ವಿರುದ್ಧವಾಗಿ ಧನಾಗ್ರದಿಂದ ಹೊರಡುತ್ತದೆ. ಇದನ್ನು ಹೇಳದೆ ಬಿಟ್ಟರೆ ಚುರುಕಾದ ಮಕ್ಕಳೇ ಪರೀಕ್ಷೆಯಲ್ಲಿ ಬಾಣ ತಿರುಗಿಸಿ ಬರೆಯುತ್ತಾರೆ. ಸಾಂಪ್ರದಾಯಿಕ ಪ್ರವಾಹದ ಆಯ್ಕೆ ಅಲ್ಲೇ ಬಲಗಡೆ ಇದೆ. ಎರಡನ್ನೂ ಒಂದಾದ ಮೇಲೊಂದು ತೋರಿಸಿ, ಎರಡರ ನಡುವಿನ ಸಂಬಂಧವನ್ನು ಬಾಯಿಬಿಟ್ಟು ಹೇಳಿಸಿ.

ಇಷ್ಟು ಮಾಡಿ ನಿಲ್ಲಿಸಬೇಡಿ. ಮುಂದಿನ ಪೀರಿಯಡ್‌ನಲ್ಲಿ 1.5 ವೋಲ್ಟಿನ ಎರಡು ಸೆಲ್, ಟಾರ್ಚಿನ ಎರಡು ಬಲ್ಬ್, ನಾಲ್ಕು ತುಂಡು ತಂತಿ ಕೊಟ್ಟು ಅದನ್ನೇ ಕೈಯಲ್ಲಿ ಮಾಡಿಸಿ. ಇಲ್ಲಿ ಮಕ್ಕಳು ಒಂದು ವಿಚಿತ್ರ ನೋಡುತ್ತಾರೆ: ಸೆಲ್ ಸ್ವಲ್ಪ ಹಳೆಯದಾಗಿದ್ದರೆ, ಸಮಾಂತರದಲ್ಲಿ ಎರಡನೆಯ ಬಲ್ಬ್ ಸೇರಿಸಿದ ಕೂಡಲೇ ಮೊದಲನೆಯದು ಮಂಕಾಗುತ್ತದೆ. ‘ಕಂಪ್ಯೂಟರ್‌ನಲ್ಲಿ ಹಾಗಾಗಲಿಲ್ಲವಲ್ಲ ಮಿಸ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿಮ್ಯುಲೇಷನ್‌ನ ಬ್ಯಾಟರಿಗೆ ಆಂತರಿಕ ರೋಧ (ಬ್ಯಾಟರಿಯ ಒಳಗೇ ಪ್ರವಾಹಕ್ಕೆ ಇರುವ ತಡೆ) ಇರಲಿಲ್ಲ, ನಿಮ್ಮ ಕೈಯಲ್ಲಿರುವ ಸೆಲ್‌ಗೆ ಇದೆ. ಮತ್ತೆ ಪರದೆಗೆ ಹೋಗಿ, ಮುಂದುವರಿದ ಆಯ್ಕೆಗಳಲ್ಲಿ ಬ್ಯಾಟರಿಯ ರೋಧವನ್ನು 2 ಓಮ್ ಮಾಡಿ. ಒಂದು ಬಲ್ಬ್ ಇದ್ದಾಗ 9 ಭಾಗಿಸು 12, ಅಂದರೆ 0.75 ಆ್ಯಂಪಿಯರ್. ಎರಡು ಸಮಾಂತರದಲ್ಲಿದ್ದಾಗ ಒಟ್ಟು 9 ಭಾಗಿಸು 7, ಸುಮಾರು 1.29, ತಲಾ 0.64. ಮಂಕಾಯಿತು. ಹೀಗೆ ಪರದೆಯಿಂದ ಮೇಜಿಗೆ, ಮೇಜಿನಿಂದ ಪರದೆಗೆ ಓಡಾಡಿದಾಗ ಸಿಗುವ ತಿಳಿವಳಿಕೆ ಎರಡರಲ್ಲಿ ಒಂದನ್ನು ಮಾತ್ರ ಮಾಡಿದಾಗ ಸಿಗುವುದಿಲ್ಲ. ಹಳೆಯ ಸೆಲ್‌ಗಳನ್ನು ಎಸೆಯಬೇಡಿ, ಈ ಪಾಠಕ್ಕೆ ಅವೇ ಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ. ಸಿಮ್ಯುಲೇಷನ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಮಾಡಿದರೆ ಬ್ಯಾಟರಿಗೆ ಬೆಂಕಿಯ ಚಿತ್ರ ಬರುತ್ತದೆ, ಮಕ್ಕಳಿಗೆ ಅದೇ ಆಟವಾಗುತ್ತದೆ. ಮನೆಯ 230 ವೋಲ್ಟಿನ ಪ್ಲಗ್‌ನಲ್ಲಿ ಇಂಥದ್ದನ್ನು ಮಾಡಿದರೆ ಜೀವ ಹೋಗುತ್ತದೆ ಎಂದು ಆ ಬೆಂಕಿ ಪರದೆಯ ಮೇಲಿರುವಾಗಲೇ ಹೇಳಿ.

ಪ್ರಶ್ನೆ: ನಮ್ಮ ಮಕ್ಕಳ ಕೈಯಲ್ಲಿ ಫೋನಿಲ್ಲ, ಶಾಲೆಗೆ ತರುವಂತೆಯೂ ಇಲ್ಲ. ಆನ್‌ಲೈನ್ ಕ್ವಿಜ್ ಮಾಡಲು ದಾರಿಯಿದೆಯೇ? (ಚನ್ನರಾಯಪಟ್ಟಣ)

ಉತ್ತರ: ಇದೆ, ನಿಮ್ಮೊಬ್ಬರ ಫೋನು ಸಾಕು. ಪ್ಲಿಕರ್ಸ್ ಎಂಬ ಸೇವೆಯಲ್ಲಿ ಕಾಗದದ ಕಾರ್ಡುಗಳನ್ನು ಮುದ್ರಿಸಿಕೊಳ್ಳಬಹುದು. ಸಾಮಾನ್ಯ ಕಟ್ಟಿನಲ್ಲಿ 40 ಕಾರ್ಡು, ದೊಡ್ಡದರಲ್ಲಿ 63. ಪ್ರತಿ ಕಾರ್ಡಿನ ಕಪ್ಪು ಆಕಾರ ಬೇರೆ ಬೇರೆ. ಅದರ ಸಂಖ್ಯೆಯನ್ನು ಹಾಜರಿ ಪುಸ್ತಕದ ಕ್ರಮಸಂಖ್ಯೆಗೆ ಹೊಂದಿಸಿ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣ ಅಕ್ಷರವಿರುತ್ತದೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡು ಹಿಡಿಯುತ್ತದೆ, ನೀವು ಕ್ಯಾಮೆರಾವನ್ನು ಸಾಲಿನಿಂದ ಸಾಲಿಗೆ ನಿಧಾನವಾಗಿ ಆಡಿಸುತ್ತೀರಿ. ಯಾರ ಉತ್ತರ ಏನೆಂದು ಪಕ್ಕದವರಿಗೆ ಗೊತ್ತಾಗುವುದಿಲ್ಲ, ಸಂಕೋಚದ ಮಕ್ಕಳೂ ಧೈರ್ಯವಾಗಿ ಎತ್ತುತ್ತಾರೆ.

ಕ್ಯಾಮೆರಾ ಕಾರ್ಡನ್ನು ಓದಿಕೊಳ್ಳದಿರಲು ಮುಖ್ಯ ಕಾರಣಗಳಿವು: ಹರಿಯದಿರಲೆಂದು ಹೊಳಪಿನ ಲ್ಯಾಮಿನೇಷನ್ ಮಾಡಿಸಿ ಬೆಳಕು ಪ್ರತಿಫಲಿಸುವುದು, ಅಂದವಾಗಲೆಂದು ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಿಬಿಡುವುದು, ಮಗುವಿನ ಬೆರಳು ಕಪ್ಪು ಆಕಾರದ ಮೇಲೆ ಬರುವುದು. ದಪ್ಪ ಕಾಗದಕ್ಕೆ ಮುದ್ರಿಸಿ, ಹಿಂಬದಿಗೆ ರಟ್ಟು ಅಂಟಿಸಿ. ಫೋನಿಗೆ ಮಾತ್ರ ನೆಟ್ ಬೇಕು. ಇಲ್ಲದ ದಿನ ನಾಲ್ಕು ಬಣ್ಣದ ಚೀಟಿ ಎತ್ತಿಸಿದರೂ ಪಾಠಕ್ಕೆ ಕುಂದಿಲ್ಲ, ದಾಖಲೆಯೊಂದು ಉಳಿಯುವುದಿಲ್ಲ ಅಷ್ಟೆ.

ಫಲಿತಾಂಶ ಬಂದ ಮೇಲೆ ಮುಂದೇನು ಮಾಡುತ್ತೀರಿ ಎಂಬುದು ಕಾರ್ಡಿಗಿಂತ ಮುಖ್ಯ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ರೂಪಿಸಿದ ಕ್ರಮ ನಮ್ಮ ತರಗತಿಗಳಿಗೂ ಹೊಂದುತ್ತದೆ. ಸರಿಯುತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಮತ್ತೆ ಮಾಡಿ. ಶೇ 70 ದಾಟಿದರೆ ಒಂದು ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. ನಡುವೆ ಬಂದರೆ ಉತ್ತರ ಹೇಳದೆ, ಬೇರೆ ಉತ್ತರ ಕೊಟ್ಟ ಪಕ್ಕದವರೊಡನೆ ಎರಡು ನಿಮಿಷ ವಾದ ಮಾಡಲು ಬಿಟ್ಟು ಮತ್ತೆ ಕಾರ್ಡು ಎತ್ತಿಸಿ. ತಪ್ಪು ಆಯ್ಕೆಗಳನ್ನು ಬಾಯಿಗೆ ಬಂದಂತೆ ಹಾಕಬೇಡಿ, ಮಕ್ಕಳು ನಿಜವಾಗಿ ಮಾಡುವ ತಪ್ಪುಗಳನ್ನೇ ಹಾಕಿ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಗೂಗಲ್ ಫಾರ್ಮ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಮತ್ತೆ ಟೈಪ್ ಮಾಡಿ ಹಾಕಿದರೆ, ಸರಿ ಬರೆದ ಮಕ್ಕಳಿಗೂ ಸೊನ್ನೆ ಅಂಕ. (ಹಾಸನ)

ಉತ್ತರ: ಇವು ಎರಡು ಬೇರೆ ತೊಂದರೆಗಳು. ನುಡಿಯ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಸಿಕೊಂಡಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನೇ. ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಫಾರ್ಮ್‌ಗೆ ಹೋದಾಗ ಫಾಂಟು ಕಳಚುತ್ತದೆ, ಒಳಗಿದ್ದದ್ದು ಹೊರಗೆ ಬರುತ್ತದೆ. ಈ ಹಳೆಯ ಕ್ರಮದಿಂದ (ಆಸ್ಕಿ), ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ, ಹಳೆಯ ಪತ್ರಿಕೆಗಳಿಗೆ ಅವನ್ನು ಬಳಸಿ. ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಾಡಿಸಿ: ಅರ್ಕಾವೊತ್ತು ಇರುವ ಪದಗಳು, ನಡುವೆ ಇದ್ದ ಇಂಗ್ಲಿಷ್ ಪದಗಳು, ರಾಸಾಯನಿಕ ಸೂತ್ರಗಳು. ಇಂಗ್ಲಿಷ್ ಪದವನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಕಲಸಿಬಿಡುತ್ತದೆ. ಅವನ್ನು ಕೈಯಿಂದಲೇ ಮತ್ತೆ ಹಾಕಬೇಕು. ಹೊಸ ಪತ್ರಿಕೆಗಳನ್ನು ಮೊದಲಿನಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ.

ಸೊನ್ನೆ ಬರುವುದಕ್ಕೆ ಕಾರಣ, ಗೂಗಲ್ ಫಾರ್ಮ್ ಕಿರು ಉತ್ತರವನ್ನು ನೀವು ಕೊಟ್ಟ ಉತ್ತರದೊಂದಿಗೆ ಅಕ್ಷರಕ್ಕಕ್ಷರ ಹೋಲಿಸುತ್ತದೆ. ‘ಸೂರ್ಯ’, ‘ಸೂರ‍್ಯ’ ಎರಡೂ ನಮಗೆ ಒಂದೇ, ಅದಕ್ಕೆ ಬೇರೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಇದೆ, ಪರಿವರ್ತಕದಿಂದ ಬಂದ ಪಠ್ಯದಲ್ಲಿ ಇದು ಹೆಚ್ಚು. ‘ಹಳೇಬೀಡು’, ‘ಹಳೆಬೀಡು’ ಬೇರೆ. ‘೯’ ಬೇರೆ, ‘9’ ಬೇರೆ. ಉತ್ತರದ ಕೀಲಿಯಲ್ಲಿ ಒಪ್ಪಬಹುದಾದ ರೂಪಗಳನ್ನೆಲ್ಲ ಒಂದರ ಕೆಳಗೊಂದು ಸೇರಿಸಬಹುದು. ಆದರೆ ನಮ್ಮ ಸಲಹೆ: ಯಂತ್ರ ತಿದ್ದುವ ಪ್ರಶ್ನೆಗಳೆಲ್ಲ ಬಹು ಆಯ್ಕೆಯವಾಗಿರಲಿ, ಬರೆಯುವ ಉತ್ತರಗಳನ್ನು ನೀವೇ ಓದಿ ಅಂಕ ಕೊಡಿ. ಕಾಗುಣಿತದ ಒಂದು ಗೆರೆಗೆ ಮಗುವಿನ ಸರಿಯುತ್ತರ ತಪ್ಪಾಗುವುದು ಅನ್ಯಾಯ.

ಪ್ರಶ್ನೆ: ಬೇಲೂರಿನ ಹತ್ತಿರವೇ ನಮ್ಮ ಶಾಲೆ. ಸಮಾಜ ವಿಜ್ಞಾನಕ್ಕೆ ಹೊಯ್ಸಳ ದೇವಾಲಯಗಳ ವರ್ಚುವಲ್ ಟೂರ್ ಮಾಡಿಸಿ ಎಂಬ ಸಲಹೆ ಬಂದಿದೆ. ಉಪಯೋಗ ಇದೆಯೇ?

ಉತ್ತರ: ಚೆನ್ನಕೇಶವ ದೇವಾಲಯದ ಪಕ್ಕದಲ್ಲಿದ್ದುಕೊಂಡು ಅದನ್ನು ಪರದೆಯಲ್ಲಿ ನೋಡಬೇಡಿ. ಮಕ್ಕಳನ್ನು ನಡೆಸಿಕೊಂಡು ಹೋಗಿ. ಪರದೆಗೆ ಕೊಡಬೇಕಾದದ್ದು ನೆಲದ ಮೇಲೆ ನಿಂತು ನೋಡಲಾಗದ್ದನ್ನು. ಗೂಗಲ್ ಅರ್ಥ್ ಪ್ರೊ ಕಂಪ್ಯೂಟರ್‌ಗೆ ಉಚಿತ. ಅದರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಮೇಲಿನಿಂದ ತೋರಿಸಿ. 1117ರ ಬೇಲೂರಿನದು ಒಂದು ಗರ್ಭಗುಡಿ, 1121ರ ಹಳೇಬೀಡಿನದು ಜೋಡಿ, 1258ರ ಸೋಮನಾಥಪುರದ್ದು ಮೂರು. ಜಗಲಿಯ ನಕ್ಷತ್ರದಂಥ ಅಂಚು ಮೇಲಿನಿಂದ ಎದ್ದು ಕಾಣುತ್ತದೆ. ಶಿಖರ ಎಲ್ಲಿದೆ, ಎಲ್ಲಿ ಇಲ್ಲ ಎಂದು ನೆರಳು ನೋಡಿ ಹೇಳಲು ಬಿಡಿ. ಮೂರೂ ಸೇರಿ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹೋದವು. ದೂರದ ಸೋಮನಾಥಪುರಕ್ಕೆ ಹೋಗಲಾಗದವರಿಗೆ ಹೋಲಿಕೆ ಮಾಡಲು ಇದೇ ದಾರಿ.

ಭೂಗೋಳಕ್ಕೆ ಇದೇ ತಂತ್ರಾಂಶ ಇನ್ನೂ ಹೆಚ್ಚು ಒದಗುತ್ತದೆ. ಗಡಿಯಾರದ ಗುರುತು ಒತ್ತಿದರೆ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳು ಬರುತ್ತವೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಬಳಿಗೆ ಹೋಗಿ ನೀರು ಏರಿ ಇಳಿಯುವುದನ್ನು ನೋಡಿ. ಇಲ್ಲಿ ತಪ್ಪುವುದು ಸುಲಭ: ಒಂದು ಚಿತ್ರ ಮಾರ್ಚ್‌ನದು, ಇನ್ನೊಂದು ಅಕ್ಟೋಬರ್‌ನದು ಇರುತ್ತದೆ. ಮಕ್ಕಳು ‘ಆ ವರ್ಷ ಬರ, ಈ ವರ್ಷ ಒಳ್ಳೆ ಮಳೆ’ ಎಂದು ಬರೆದುಬಿಡುತ್ತಾರೆ. ಮೂಲೆಯಲ್ಲಿರುವ ದಿನಾಂಕ ಓದಿಸಿ, ಒಂದೇ ತಿಂಗಳಿನ ಚಿತ್ರಗಳನ್ನೇ ಹೋಲಿಸಿ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಗೆರೆ ಎಳೆದು ಅದರ ಮೇಲೆ ಬಲಗುಂಡಿ ಒತ್ತಿದರೆ ಎತ್ತರದ ನಕ್ಷೆ ಬರುತ್ತದೆ. ಸುಮಾರು 1,930 ಮೀಟರ್ ಎತ್ತರದ ಶಿಖರ ಅದರಲ್ಲಿ ಕೆಲವು ಮೀಟರ್ ಕಡಿಮೆ ತೋರಬಹುದು, ಯಾಕೆಂದರೆ ದತ್ತಾಂಶ ಒಂದೊಂದು ಚೌಕದ ಸರಾಸರಿ ಎತ್ತರವನ್ನು ಹಿಡಿದಿರುತ್ತದೆ. ನಕ್ಷೆಯಲ್ಲಿ ಇಳಿಜಾರು ಗೋಡೆಯಂತೆ ಕಾಣುವುದು ಲಂಬ ಅಳತೆಯನ್ನು ಹಿಗ್ಗಿಸಿರುವುದರಿಂದ. ಎರಡೂ ಅಕ್ಷಗಳ ಅಳತೆ ಓದಿಸಿದರೆ ಗಣಿತದ ಪಾಠವೂ ಆಗುತ್ತದೆ.

ಪ್ರಶ್ನೆ: ಶೂನ್ಯ ನೆರಳಿನ ದಿನ ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ನಲ್ಲಿ ನಮ್ಮಲ್ಲಿ ಸೂರ್ಯನೇ ಕಾಣುವುದಿಲ್ಲ. (ಮೂಡಿಗೆರೆ)

ಉತ್ತರ: ವರ್ಚುವಲ್ ಚಟುವಟಿಕೆ ನಿಜಕ್ಕೂ ಬೇಕಾಗುವುದು ಇಂಥ ಕಡೆಯೇ. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕೋಲಿನ ನೆರಳು ಕಾಣದಾಗುವ ಆ ದಿನ ನಿಮ್ಮ ಊರಿನಲ್ಲಿ ಬರುವುದು ಏಪ್ರಿಲ್ 25 ಹಾಗೂ ಆಗಸ್ಟ್ 17ರ ಆಸುಪಾಸು. ಸ್ಟೆಲ್ಲೇರಿಯಂ ಎಂಬ ಉಚಿತ ತಾರಾಲಯ ತಂತ್ರಾಂಶವನ್ನು ಇಳಿಸಿಕೊಳ್ಳಿ, ಒಮ್ಮೆ ಇಳಿಸಿದರೆ ನೆಟ್ ಬೇಡ. ಎಫ್6 ಒತ್ತಿ ಸ್ಥಳ ಕೊಡಿ: ಅಕ್ಷಾಂಶ 13.13 ಉತ್ತರ, ರೇಖಾಂಶ 75.64 ಪೂರ್ವ. ಎಫ್5 ಒತ್ತಿ ದಿನ, ಸಮಯ ಕೊಡಿ. ಸೂರ್ಯನ ಮೇಲೆ ಒತ್ತಿದರೆ ಎಡಗಡೆ ಅದರ ಎತ್ತರದ ಕೋನ ಬರುತ್ತದೆ. ಆಗಸ್ಟ್‌ನ ಆ ದಿನ ಸುಮಾರು 12:31ಕ್ಕೆ ಅದು 90 ಡಿಗ್ರಿಯ ಹತ್ತಿರ ಇರಬೇಕು. ಹನ್ನೆರಡಕ್ಕೇ ಯಾಕಲ್ಲ ಎಂದು ಮಕ್ಕಳು ಕೇಳುತ್ತಾರೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ. ಮೂಡಿಗೆರೆ ಅದಕ್ಕಿಂತ ಸುಮಾರು 6.9 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ 27 ನಿಮಿಷ ತಡ. ಉಳಿದ ನಾಲ್ಕು ನಿಮಿಷ ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲದ್ದರಿಂದ, ಅಕ್ಷ ವಾಲಿರುವುದರಿಂದ ಬರುವ ವ್ಯತ್ಯಾಸ.

ಸಾಧ್ಯವಿದ್ದಾಗ ನಿಜವಾದ ನೆರಳನ್ನೂ ಅಳೆಯಿರಿ. ಡಿಸೆಂಬರ್ 21ರಂದು ನಿಮ್ಮಲ್ಲಿ ಬಿಸಿಲಿರುತ್ತದೆ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ, ಒಂದು ಡಿಗ್ರಿ ವಾಲಿದರೂ ಅಳತೆ ಸುಮಾರು ಎರಡು ಸೆಂಟಿಮೀಟರ್‌ವರೆಗೆ ತಪ್ಪಬಹುದು. ಮಧ್ಯಾಹ್ನ 12:10ರಿಂದ 12:45ರವರೆಗೆ ಐದೈದು ನಿಮಿಷಕ್ಕೆ ತುದಿ ಗುರುತಿಸಿದರೆ ಅತಿ ಚಿಕ್ಕ ನೆರಳು ಸುಮಾರು 74 ಸೆಂಟಿಮೀಟರ್, ಉತ್ತರಕ್ಕೆ ಬಿದ್ದಿರುತ್ತದೆ. ಅದೇ ಕೋಲಿನ ನೆರಳು ಜೂನ್ 21ಕ್ಕೆ ಸುಮಾರು 18 ಸೆಂಟಿಮೀಟರ್, ದಕ್ಷಿಣಕ್ಕೆ. ಮೋಡದ ಜೂನ್‌ನ ಅಂಕಿಯನ್ನು ಸ್ಟೆಲ್ಲೇರಿಯಂನ ಕೋನದಿಂದ ಲೆಕ್ಕ ಹಾಕಿಸಿ. ಉತ್ತರದಿಂದ ದಕ್ಷಿಣಕ್ಕೆ ತಿರುಗುವ ನೆರಳು ನಡುವೆ ಎಲ್ಲೋ ಸೊನ್ನೆ ದಾಟಲೇಬೇಕು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಸೂರ್ಯಗ್ರಹಣಕ್ಕೂ ಇದೇ ಸಾಧನ: 2019ರ ಡಿಸೆಂಬರ್ 26ರ ಬೆಳಿಗ್ಗೆ 9:25ಕ್ಕೆ ಕೊಡಗಿನ ಕುಟ್ಟದಿಂದ ನೋಡಿ, ಆಮೇಲೆ ಮೂಡಿಗೆರೆಯಿಂದ ನೋಡಿ. ಅಲ್ಲಿ ಬೆಳಕಿನ ಬಳೆ, ಇಲ್ಲಿ ಹೆಚ್ಚುಕಡಿಮೆ ಮುಚ್ಚಿದ ಚಂದ್ರಾಕೃತಿ.

ಪ್ರಶ್ನೆ: ಫೋನಿನಿಂದ ಟಿವಿಗೆ ಟೈಪ್-ಸಿ–ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರವೇ ಬರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ದೊಡ್ಡ ವಿಡಿಯೊ ಕಾಪಿ ಆಗುವುದಿಲ್ಲ. (ಕಡೂರು)

ಉತ್ತರ: ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಚಿತ್ರ ಹೊರಬರುವುದಿಲ್ಲ, ಫೋನಿನಲ್ಲಿ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇರಬೇಕು, ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಇರುವುದಿಲ್ಲ. ಬೇರೆ ಕೇಬಲ್ ಕೊಳ್ಳುವ ಮೊದಲು ಫೋನಿನ ವಿವರಣೆಯಲ್ಲಿ ಇದನ್ನು ನೋಡಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿ ಮೀರಿದ ಒಂದೇ ಕಡತ ಅದರಲ್ಲಿ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಬಹುದು, ಆದರೆ ಹಳೆಯ ಟಿವಿ ಅದನ್ನು ಗುರುತಿಸದೇ ಇರಬಹುದು. ವಿಡಿಯೊವನ್ನು ಹತ್ತು ನಿಮಿಷದ ತುಂಡುಗಳಾಗಿ ಮಾಡಿಟ್ಟುಕೊಳ್ಳುವುದು ಪಾಠಕ್ಕೂ ಒಳ್ಳೆಯದು. ಶಬ್ದ ಬಂದು ಚಿತ್ರ ಬಾರದಿದ್ದರೆ ಕಡತ ಹಳೆಯ ಟಿವಿಗೆ ಓದಲು ಬಾರದ ಎಚ್.265 ಎಂಬ ವಿಡಿಯೊ ಮಾದರಿಯಲ್ಲಿ ಇರಬಹುದು, ಎಚ್.264ರ ಎಂಪಿ4 ಆಗಿ ಪರಿವರ್ತಿಸಿ.

ಪ್ರಶ್ನೆ: ನನ್ನ ಮಗಳು 6ನೇ ತರಗತಿ. ಗಿಡ ಗುರುತಿಸುವ ಆ್ಯಪ್‌ಗೆ, ಕ್ವಿಜ್‌ಗೆ ಖಾತೆ ತೆರೆದು ಹೆಸರು, ಫೋಟೊ, ಜನ್ಮದಿನ ಹಾಕಲು ಶಾಲೆಯಲ್ಲಿ ಹೇಳಿದ್ದಾರೆ. ನನ್ನ ಫೋನಿನಲ್ಲೇ ಮಾಡಬೇಕಂತೆ. ಮಾಡಿಕೊಡಲೇ? (ತಾಯಿ, ಚಿಕ್ಕಮಗಳೂರು)

ಉತ್ತರ: ಖಾತೆ ಬೇಡದ ದಾರಿ ಇದ್ದಾಗ ಖಾತೆ ತೆರೆಯಬೇಡಿ ಅಮ್ಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಬೇಡ ಎನ್ನುವ ಹಕ್ಕು ನಿಮಗಿದೆ. ವಯಸ್ಸು ಹೆಚ್ಚಿಸಿ ಹಾಕುವುದನ್ನಂತೂ ಮಾಡಲೇಬೇಡಿ, ಮುಂದೆ ಆ ಖಾತೆಗೆ ದೊಡ್ಡವರಿಗೆ ತೋರಿಸುವ ಜಾಹೀರಾತು, ಸಲಹೆಗಳೇ ಬರುತ್ತವೆ.

ಗಿಡಗಳಿಗೆ ಐನ್ಯಾಚುರಲಿಸ್ಟ್‌ನವರದೇ ಸೀಕ್ ಎಂಬ ಆ್ಯಪ್ ಇದೆ, ಅದಕ್ಕೆ ಲಾಗಿನ್ ಬೇಡ. ಎಲೆಯ ಮೇಲ್ಭಾಗ, ಕೆಳಭಾಗ, ಹೂವು ಬೇರೆ ಬೇರೆಯಾಗಿ ಹತ್ತಿರದಿಂದ ತೋರಿಸಿದರೆ ಹೆಸರು ಜಾತಿಯ ಮಟ್ಟಕ್ಕೆ ಬರುತ್ತದೆ, ಇಡೀ ಮರ ತೋರಿಸಿದರೆ ಕುಟುಂಬದಲ್ಲೇ ನಿಲ್ಲುತ್ತದೆ. ಬಂದ ಹೆಸರನ್ನು ಮನೆಯ ಹಿರಿಯರಿಂದ ಕೇಳಿದ ಹೆಸರಿನ ಪಕ್ಕದಲ್ಲಿ ಬರೆಯಲಿ. ಆ್ಯಪ್ ತಪ್ಪುವುದೂ ಉಂಟು. ಕ್ವಿಜ್‌ಗೆ ನಿಜವಾದ ಹೆಸರಿನ ಬದಲು ಹಾಜರಿ ಸಂಖ್ಯೆ ಹಾಕಲು ಅನುಮತಿ ಕೇಳಿ ಒಂದು ಚೀಟಿ ಬರೆದುಕೊಡಿ. ಮೇಲೆ ಹೇಳಿದ ಕಾಗದದ ಕಾರ್ಡಿನ ವಿಧಾನವನ್ನೂ ಅದರಲ್ಲೇ ಸೂಚಿಸಬಹುದು, ಅಲ್ಲಿಯೂ ಪಟ್ಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಮಾತ್ರ ಹಾಕಿದರೆ ಸಾಕಾಗುತ್ತದೆ.